ಆರು ವಾರ ದೂರ ಇರ್ರಿ

ನನ್ನ ಚಿಗವ್ವನ ಡಿಸ್ಚಾರ್ಜ್ ಹಾಳೆಯಲ್ಲಿ ಆಪರೇಷನ್ನಿನ ಹೆಸರಿರಬೇಕಾದ ಜಾಗದಲ್ಲಿ ಆರು ಇಂಗ್ಲಿಷ್ ಅಕ್ಷರಗಳಿದ್ದವು. ಟಿಎಎಚ್, ಆಮೇಲೊಂದು ಕೂಡಿಸುವ ಚಿಹ್ನೆ, ಆಮೇಲೆ ಬಿಎಸ್‌ಒ. ಅದರ ಕೆಳಗೆ ಮಾತ್ರೆಗಳ ಹೆಸರು, ಮೂರು ತಿಂಗಳು ಭಾರ ಎತ್ತಬಾರದು ಎಂಬ ಸೂಚನೆ, ಹೊಲಿಗೆ ಬಿಚ್ಚಿಸಲು ಬರಬೇಕಾದ ತಾರೀಖು. ನಾಲ್ಕು ವರ್ಷ ಆ ಹಾಳೆ ರೇಷನ್ ಕಾರ್ಡಿನ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಟ್ರಂಕಿನ ತಳದಲ್ಲಿತ್ತು. ಹೋದ ವರ್ಷ ಅವಳಿಗೆ ಸೊಂಟ, ಮೊಣಕಾಲು ಎರಡೂ ಹಿಡಿದುಕೊಂಡಾಗ ಹುಬ್ಬಳ್ಳಿಯ ಎಲುಬಿನ ಡಾಕ್ಟರು ಹಳೆಯ ಕಾಗದ ಏನಿದ್ದರೂ ತನ್ನಿ ಎಂದರಂತೆ. ಊರಿಗೆ ಬಂದಿದ್ದ ನನ್ನ ಕೈಗೆ ಕವರು ಬಂತು. ಪಿಎಚ್‌ಡಿ ಮಾಡುವವಳಿಗೆ ಎಲ್ಲ ಕಾಗದವೂ ಓದಲು ಬರುತ್ತದೆ ಎಂಬುದು ನಮ್ಮ ಮನೆಯವರ ನಂಬಿಕೆ. ನಾನು ಓದುವುದು ಕನ್ನಡ ಸಾಹಿತ್ಯ. ಮೊಬೈಲಿನಲ್ಲಿ ಹುಡುಕಿದೆ. ಹೊಟ್ಟೆ ಕೊಯ್ದು ಗರ್ಭಕೋಶವನ್ನು ಅದರ ಕಂಠದ ಸಮೇತ ತೆಗೆದಿದ್ದಾರೆ, ಜೊತೆಗೆ ಎರಡೂ ಕಡೆಯ ನಾಳ ಮತ್ತು ಅಂಡಾಶಯಗಳನ್ನು. ಆಗ ಅವಳಿಗೆ 37 ವರ್ಷ.

ಚಿಗವ್ವ ಇರುವುದು ಬ್ಯಾಡಗಿಯಲ್ಲಿ. ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಅಲ್ಲಿನ ಅಸಂಖ್ಯ ಹೆಂಗಸರಲ್ಲಿ ಅವಳೂ ಒಬ್ಬಳು. ಆವತ್ತು ಸಂಜೆ ಉರಿಯುವ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು.

"ಚಿಗವ್ವ, ಗರ್ಭಚೀಲದ ಜೋಡಿ ಅಂಡಾಶಯಾನೂ ತಗದಾರ. ಎರಡೂ."

"ಅಂದ್ರ?"

ಅಂದರೇನು ಎಂದು ನಾನು ಸರಿಯಾಗಿ ಹೇಳಲಿಲ್ಲ. ಪರದೆಯ ಮೇಲೆ ಕಂಡದ್ದನ್ನು ಒಂದೊಂದಾಗಿ ಕನ್ನಡಕ್ಕೆ ತರುತ್ತಾ ಹೋದೆ. ಮೈಯಲ್ಲಿ ಇದ್ದಕ್ಕಿದ್ದಂತೆ ಕಾವು ಏರುವುದು, ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು, ಸಿಟ್ಟು, ಎಲುಬು ಸವೆಯುವುದು, ಕೆಳಗೆ ಒಣಗುವುದು. ಅವಳು ಕೈ ತಿಕ್ಕುವುದನ್ನು ನಿಲ್ಲಿಸಿ ಕೇಳಿದಳು: "ಹಂಗಾರ ಇದು ನನ್ನ ತಲಿ ಕೆಟ್ಟಿದ್ದಲ್ಲ?"

ನಾಲ್ಕು ವರ್ಷ ಅವಳು ತನಗೆ ತಲೆ ಕೆಡುತ್ತಿದೆ ಎಂದುಕೊಂಡೇ ಇದ್ದಳು. ಮನೆಯವರೂ ಹಾಗೇ ಅಂದುಕೊಂಡಿದ್ದರು, ನಾನೂ ಸೇರಿ. "ಚಿಗವ್ವ ಮೊದಲಿನಂಗಿಲ್ಲ" ಎಂದು ಅವ್ವ ಫೋನಿನಲ್ಲಿ ಹೇಳಿದಾಗಲೆಲ್ಲ ನಾನು ಹೂಂಗುಟ್ಟಿದ್ದೇನೆ. ಆ ಸಂಜೆ ಕತ್ತಲಾದ ಮೇಲೆ ಅವಳು ಉಳಿದದ್ದನ್ನೂ ಹೇಳಿದಳು. ಗಂಡನ ಜೊತೆ ಮಲಗಿದರೆ ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ತಾಗಿದಂತಾಗುತ್ತದೆ. ಎರಡು ಸಲ ಹಲ್ಲು ಕಚ್ಚಿ ತಡೆದುಕೊಂಡಳು. ಮೂರನೆಯ ಸಲ ಅವಳೇ ಗೋಡೆ ಕಡೆ ಹೊಳ್ಳಿದಳು. ಆಮೇಲೆ ಅವನೂ ಕೇಳಲಿಲ್ಲ.

"ದವಾಖಾನ್ಯಾಗ ಯಾರೂ ಏನೂ ಹೇಳಲಿಲ್ಲೇನು?"

"ನನಗಿಲ್ಲ. ನಿಮ್ಮ ಕಾಕಾನ್ನ ಹೊರಗ ಕರದು ಹೇಳ್ಯಾರಂತ. ಆರು ವಾರ ದೂರ ಇರ್ರಿ ಅಂತ."

ಈ ಒಂದು ವಾಕ್ಯದ ಮೇಲೆ ನನಗೆ ಜಗಳವಿದೆ. ವೈದ್ಯಕೀಯವಾಗಿ ಅದು ತಪ್ಪಲ್ಲ. ಕಂಠದ ಸಮೇತ ಗರ್ಭಕೋಶ ತೆಗೆದಾಗ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚುತ್ತಾರೆ. ಆ ಹೊಲಿಗೆ ಮಾಯಲು ಆರರಿಂದ ಎಂಟು ವಾರ ಬೇಕು. ಜಗಳ ಇರುವುದು ಅದನ್ನು ಯಾರಿಗೆ ಹೇಳಿದರು ಎಂಬುದರ ಬಗ್ಗೆ. ಆಪರೇಷನ್ ಆದವಳು ಒಳಗೆ ಮಂಚದ ಮೇಲಿದ್ದಾಳೆ. ಅವಳ ಮೈಯ ಬಗೆಗಿನ ಮಾತು ಹೊರಗೆ ಕಾರಿಡಾರಿನಲ್ಲಿ ಗಂಡಸರಿಬ್ಬರ ನಡುವೆ ಮುಗಿದುಹೋಗಿದೆ. ಆ ವಾಕ್ಯದಲ್ಲಿ ಕಾಮ ಅವನದು, ತಾಳ್ಮೆ ಅವನದು, ಲೆಕ್ಕ ಹಾಕಬೇಕಾದ ವಾರಗಳೂ ಅವನವೇ. ಏಳನೆಯ ವಾರದಲ್ಲಿ ಅವಳಿಗೆ ಏನಾಗಬಹುದು, ಅವಳಿಗೆ ಏನು ಬೇಕಾಗಬಹುದು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ನಾಚಿಕೆಯಿಂದ ಹೀಗಾಗುತ್ತದೆ ಎಂದು ಹೇಳುವವರಿದ್ದಾರೆ. ನಮ್ಮ ಸಮಾಜದಲ್ಲಿ ಇಂಥದ್ದನ್ನು ಬಾಯಿಬಿಟ್ಟು ಮಾತಾಡುವುದಿಲ್ಲವಲ್ಲ ಎನ್ನುತ್ತಾರೆ. ನಮ್ಮ ಬಸ್ ನಿಲ್ದಾಣಗಳ ಗೋಡೆ ನೋಡಿದವರು ಈ ಮಾತನ್ನು ಹೇಗೆ ನಂಬುತ್ತಾರೋ ನನಗೆ ಗೊತ್ತಿಲ್ಲ. ಮೂತ್ರಾಲಯದ ಪಕ್ಕ ಆಳೆತ್ತರದ ಅಕ್ಷರಗಳಲ್ಲಿ ಗುಪ್ತರೋಗ, ನರದೌರ್ಬಲ್ಯ, ಫೋನ್ ನಂಬರು, ತಜ್ಞರು ಯಾವ ವಾರ ಯಾವ ಲಾಡ್ಜಿಗೆ ಬರುತ್ತಾರೆ ಎಂಬ ವಿವರ. ಗಂಡಸಿನ ನಿಮಿರುವಿಕೆಯ ಬಗ್ಗೆ ಈ ನಾಡು ಗೋಡೆ ತುಂಬ ಮಾತಾಡುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಗ್ರಂಥಿ ತೆಗೆಯುವ ಮುಂಚೆ ಮುಂದೆ ನಿಮಿರುವಿಕೆಗೆ ತೊಂದರೆಯಾಗಬಹುದು ಎಂದು ರೋಗಿಗೆ ತಿಳಿಸುವುದು ವೈದ್ಯರ ರೂಢಿಯ ಕೆಲಸ. ಎಪ್ಪತ್ತರ ಮುದುಕನಿಗೂ ಅದನ್ನು ಹೇಳುತ್ತಾರೆ, ಹೇಳಲೇಬೇಕು. ಮೂವತ್ತೇಳರ ಹೆಂಗಸಿಗೆ ಹೇಳಲು ಮಾತ್ರ ನಾಚಿಕೆ ಅಡ್ಡ ಬರುತ್ತದೆ!

ನನ್ನ ವಾದ ಇಷ್ಟು. ಗರ್ಭಕೋಶ ತೆಗೆದ ಮೇಲಿನ ಈ ಮೌನವೂ, ಅದನ್ನು ಅಷ್ಟು ಸಲೀಸಾಗಿ ತೆಗೆದುಹಾಕುವುದೂ ಒಂದೇ ಮಾತಿನಿಂದ ಹುಟ್ಟುತ್ತವೆ. "ಮಕ್ಕಳಾಗ್ಯಾವಲ್ಲ, ಇನ್ನ ಅದನ್ನ ಇಟ್ಕೊಂಡು ಏನ್ ಮಾಡ್ತೀರಿ?" ಈ ಪ್ರಶ್ನೆ ಕೇಳದ ಹೆಂಗಸು ನಮ್ಮ ಕಡೆ ಕಡಿಮೆ. ಡಾಕ್ಟರು ಕೇಳುತ್ತಾರೆ, ಅತ್ತೆ ಕೇಳುತ್ತಾಳೆ, ಕೊನೆಗೆ ಅವಳೇ ತನ್ನನ್ನು ಕೇಳಿಕೊಳ್ಳುತ್ತಾಳೆ. ಹೆರುವುದೊಂದೇ ಕೆಲಸವಾಗಿದ್ದ ಅಂಗ, ಕೆಲಸ ಮುಗಿಯಿತು, ತೆಗೆಸಿಬಿಡಿ. ಹೋಗಲಿ ಅಂಡಾಶಯವನ್ನೂ ಜೊತೆಗೇ ತೆಗೆಯೋಣ, ಮುಂದೆ ಕ್ಯಾನ್ಸರ್ ಭಯವಿಲ್ಲ. ಹೀಗೆ ಯೋಚಿಸುವವರಿಗೆ ಆಮೇಲಿನ ಹೆಂಗಸಿನ ಸುಖದ ಪ್ರಶ್ನೆ ಹೊಳೆಯುವುದಾದರೂ ಹೇಗೆ? ಕೆಲಸ ಮುಗಿದ ಮೇಲೆ ಸುಖದ ವಿಚಾರಣೆ ಯಾಕೆ?

ಚಿಗವ್ವನಿಗೆ ಆಪರೇಷನ್ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಎರಡು ವರ್ಷ ಅತಿಯಾದ ಸ್ರಾವವಿತ್ತು, ಗಡ್ಡೆಗಳಿದ್ದವು, ರಕ್ತ ಏರಿಸಬೇಕಾಗಿತ್ತು. ಬೇರೆ ದಾರಿಗಳಿದ್ದವೇ ಎಂದು ತೀರ್ಪು ಕೊಡಲು ನಾನು ಡಾಕ್ಟರಲ್ಲ. ಅಂಡಾಶಯಗಳಿಗೆ ಏನಾಗಿತ್ತು ಎಂದು ಮಾತ್ರ ಆ ಹಾಳೆಯಲ್ಲಿ ಎಲ್ಲೂ ಇಲ್ಲ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಅವಳು ಕನ್ನಡದಲ್ಲಿ ಸಹಿ ಹಾಕಿದ್ದಳು.

ಒಪ್ಪಿಗೆಯ ಬಗ್ಗೆ ನಮ್ಮಲ್ಲಿ ಕಾನೂನು ಇಲ್ಲದಿಲ್ಲ. ದೆಹಲಿಯ 44 ವರ್ಷದ ಅವಿವಾಹಿತೆ ಸಮೀರಾ ಕೊಹ್ಲಿ ತಪಾಸಣೆಗೆಂದು ಲ್ಯಾಪರೊಸ್ಕೋಪಿಗೆ ಒಪ್ಪಿ ಮಲಗಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ವಯಸ್ಸಾದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲವನ್ನೂ ತೆಗೆದರು. 2008ರಲ್ಲಿ ಸುಪ್ರೀಂ ಕೋರ್ಟ್ ಅದು ಒಪ್ಪಿಗೆಯೇ ಅಲ್ಲ ಎಂದಿತು. ಪ್ರಜ್ಞೆ ಬಂದ ಮೇಲೆ ಅವರನ್ನೇ ಕೇಳಬಹುದಿತ್ತು, ಪ್ರಾಣಕ್ಕೇನೂ ತುರ್ತು ಇರಲಿಲ್ಲ. ವೈದ್ಯಕೀಯ ಒಪ್ಪಿಗೆಯ ಚರ್ಚೆ ಬಂದಾಗಲೆಲ್ಲ ಇಂದಿಗೂ ಉಲ್ಲೇಖವಾಗುವ ತೀರ್ಪು ಅದು. ಪರಿಹಾರ ಎಷ್ಟು ಗೊತ್ತೇ? ಆಸ್ಪತ್ರೆಯ ಬಿಲ್ಲು ಮನ್ನಾ, ಮೇಲೆ 25,000 ರೂಪಾಯಿ.

ಆಮೇಲಿನ ಕತೆ ಪತ್ರಿಕೆ ಓದುವವರಿಗೆ ಗೊತ್ತಿರುವಂಥದ್ದೇ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಹೊಟ್ಟೆನೋವು, ಬಿಳಿ ಹೋಗುವುದು ಎಂದು ಖಾಸಗಿ ಆಸ್ಪತ್ರೆಗೆ ಹೋಗಿ ಗರ್ಭಕೋಶ ಕಳೆದುಕೊಂಡು ಬಂದದ್ದು 2015ರ ಸುಮಾರಿಗೆ ದೊಡ್ಡ ಸುದ್ದಿಯಾಯಿತು. ಕರ್ನಾಟಕ ಜನಾರೋಗ್ಯ ಚಳವಳಿಯವರು ಅದರ ಹಿಂದೆ ಬಿದ್ದರು. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯ ಹೊರಬಂತು. ಮುಟ್ಟಿನ ದಿನ ಕೆಲಸ ತಪ್ಪಿದರೆ ಮುಕಾದಮನಿಗೆ ದಂಡ ಕಟ್ಟಬೇಕು, ಅದಕ್ಕಿಂತ ತೆಗೆಸಿಬಿಡುವುದೇ ಮೇಲು. ಸರ್ಕಾರವೇ ನಡೆಸಿದ ಸಮೀಕ್ಷೆಯಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಗರ್ಭಕೋಶ ಇರಲಿಲ್ಲ. ನಮ್ಮ ಬೆಳಗಾವಿ ಕಡೆಯ ಗದ್ದೆಗಳಿಗೆ ಕಬ್ಬು ಕಡಿಯಲು ಬರುವವರಲ್ಲಿ ಇವರೂ ಇದ್ದಾರೆ, ನಮ್ಮ ಚಹಾದ ಸಕ್ಕರೆಗೂ ಇದರ ನಂಟಿದೆ. ಡಾ. ನರೇಂದ್ರ ಗುಪ್ತಾ 2013ರಲ್ಲಿ ಹಾಕಿದ್ದ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಮಾಡಿದ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದಿತು.

ಇದೆಲ್ಲ ಆಗಬೇಕಾದದ್ದೇ. ಆದರೆ ಈ ಹೋರಾಟದ ಗಮನವೆಲ್ಲ ಆಪರೇಷನ್ನಿನ ಮುಂಚಿನ ಕಡೆಗೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015-16ರ ನಾಲ್ಕನೆಯ ಸುತ್ತಿನಲ್ಲಿ ಮೊದಲ ಬಾರಿಗೆ ಗರ್ಭಕೋಶ ತೆಗೆಸಿದ್ದೀರಾ ಎಂದು ಕೇಳಿತು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಮೂವರಿಗಿಂತ ತುಸು ಹೆಚ್ಚು ಮಂದಿ ಹೌದು ಎಂದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ಮಾಡಿಸಿಕೊಂಡವರು. ಎಷ್ಟು ವರ್ಷವಾಯಿತು, ಎಲ್ಲಿ ಮಾಡಿಸಿದಿರಿ, ಯಾಕೆ ಮಾಡಿಸಿದಿರಿ ಎಂದು ಪ್ರಶ್ನೆಗಳಿವೆ. ಆಮೇಲೆ ಹೇಗಿದ್ದೀರಿ ಎಂಬ ಪ್ರಶ್ನೆ ಇಲ್ಲ.

ಇಲ್ಲಿಯವರೆಗೆ ಬೈದದ್ದು ಬೇರೆಯವರನ್ನು. ಇನ್ನು ನಮ್ಮ ಸರದಿ.

ಮೂರು ವರ್ಷದ ಹಿಂದೆ ಒಂದು ವಿಚಾರ ಸಂಕಿರಣದಲ್ಲಿ ಇದೇ ಕಲಬುರಗಿ ಪ್ರಕರಣ ಹಿಡಿದು, ಹೆಣ್ಣಿನ ದೇಹ ಮತ್ತು ಕನ್ನಡ ಕಾವ್ಯ ಎಂದೆಲ್ಲ ಸೇರಿಸಿ ಪ್ರಬಂಧ ಓದಿದೆ. ಶೀರ್ಷಿಕೆ 'ಬರಿದಾದ ಒಡಲು'. ಗರ್ಭಗುಡಿ, ಮೂಲಸೆಲೆ, ಕಿತ್ತ ಬೇರು, ಬತ್ತಿದ ಬಾವಿ, ಎಲ್ಲ ರೂಪಕಗಳೂ ಇದ್ದವು. ಚಪ್ಪಾಳೆ ಬಿತ್ತು. ಚರ್ಚೆಯಲ್ಲಿ ಹಿಂದಿನ ಸಾಲಿನಿಂದ ನಿವೃತ್ತ ಶಿಕ್ಷಕಿಯೊಬ್ಬರು ಎದ್ದರು. "ನಂದು ತೆಗೆದು ಹನ್ನೊಂದು ವರ್ಷ ಆಯ್ತಮ್ಮ. ನನಗೆ ಬರಿದಾಗಿದೆ ಅಂತ ಅನ್ನಿಸಿಲ್ಲ. ತಿಂಗಳಿಗೆ ಹದಿನೈದು ದಿನ ಬಟ್ಟೆ ನೋಡಿಕೊಳ್ಳೋದು ತಪ್ಪಿತು. ಯಜಮಾನರ ಜೊತೆ ಮೊದಲಿಗಿಂತ ಚೆನ್ನಾಗಿದ್ದೆ" ಎಂದರು. ಸಭೆ ಮುಸಿಮುಸಿ ನಕ್ಕಿತು. ಅಧ್ಯಕ್ಷರು "ಧನ್ಯವಾದ, ಸಮಯದ ಅಭಾವ" ಎಂದರು. ನಾನು ಉತ್ತರ ಕೊಡಲಿಲ್ಲ. ನನ್ನ ಪ್ರಬಂಧಕ್ಕೆ ಅವರು ಹೊಂದುತ್ತಿರಲಿಲ್ಲ.

ಅವರು ಹೇಳಿದ್ದು ಅಪರೂಪದ ಮಾತಲ್ಲ ಎಂದು ಗೊತ್ತಾಗಲು ನನಗೆ ಚಿಗವ್ವನ ಹಾಳೆ ಬೇಕಾಯಿತು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಆಪರೇಷನ್ನಿನ ನಂತರ ಎರಡು ವರ್ಷ ಮಾತಾಡಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಗಿದೆ. ಕೂಡುವಾಗ ನೋವಾಗುತ್ತದೆ ಎನ್ನುವವರ ಸಂಖ್ಯೆ ಇಳಿದಿತ್ತು, ಒಟ್ಟಾರೆ ಕಾಮಜೀವನ ಸುಧಾರಿಸಿತ್ತು. ಅದು ತರ್ಕಕ್ಕೂ ಸರಿಹೊಂದುತ್ತದೆ. ವರ್ಷಗಟ್ಟಲೆ ರಕ್ತ, ನೋವು, ಸುಸ್ತು ಅನುಭವಿಸಿದವಳಿಗೆ ಅದು ನಿಂತರೆ ಬಯಕೆ ಮರಳಬಹುದು. ಗರ್ಭಕಂಠ ಉಳಿಸಿದರೆ ಸುಖ ಉಳಿಯುತ್ತದೆ ಎಂಬ ನಂಬಿಕೆಯನ್ನೂ ಇಂಗ್ಲೆಂಡಿನಲ್ಲಿ ಪರೀಕ್ಷಿಸಿ ನೋಡಿದರು. ಉಳಿಸಿದವರಿಗೂ ತೆಗೆಸಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ ಎಂದು 2002ರ ವರದಿ ಹೇಳುತ್ತದೆ. ಅಂಡಾಶಯ ತೆಗೆದರೆ ಮಾತು ಬೇರೆ. ಸಹಜವಾಗಿ ಮುಟ್ಟು ನಿಲ್ಲುವಾಗ ಅವು ವರ್ಷಗಳ ಕಾಲ ನಿಧಾನವಾಗಿ ತಣ್ಣಗಾಗುತ್ತವೆ. ಆಪರೇಷನ್ನಿನಲ್ಲಿ ಹೋದರೆ ಈಸ್ಟ್ರೋಜೆನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಬಯಕೆಯ ಜೊತೆ ಸಂಬಂಧವಿರುವ ಟೆಸ್ಟೋಸ್ಟೆರೋನಿನ ಒಂದು ಪಾಲನ್ನೂ ಅಂಡಾಶಯಗಳೇ ತಯಾರಿಸುತ್ತವೆ, ಅದೂ ತಗ್ಗುತ್ತದೆ. ಅವನ್ನು ಉಳಿಸಿದ್ದರೂ ಕೆಲವರಿಗೆ ಮುಟ್ಟುನಿಲ್ಲುವ ಲಕ್ಷಣಗಳು ತುಸು ಬೇಗ ಕಾಣಿಸಿಕೊಳ್ಳುವುದುಂಟು.

ಅಂದರೆ ಚಿಗವ್ವನೂ ಆ ಶಿಕ್ಷಕಿಯೂ ಒಂದೇ ಆಪರೇಷನ್ನಿನ ಎರಡು ಫಲಗಳು. ಯಾರಿಗೆ ಯಾವುದು ತೆಗೆದರು, ಯಾಕೆ ತೆಗೆದರು, ಮುಂಚೆ ಹೇಗಿದ್ದಳು, ಆಮೇಲೆ ಯಾರು ಮಾತಾಡಿಸಿದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. 'ಬರಿದಾದ ಒಡಲು' ಎಂದು ಬರೆದ ನಾನು ಇಬ್ಬರನ್ನೂ ಒಂದೇ ಬತ್ತಿದ ಬಾವಿಯಲ್ಲಿ ಮುಳುಗಿಸಿದ್ದೆ. ಗರ್ಭಕೋಶದ ಕೆಲಸ ಮುಗಿಯಿತು ಎನ್ನುವ ಡಾಕ್ಟರಿಗೂ, ಗರ್ಭಕೋಶ ಹೋದರೆ ಹೆಣ್ಣು ಖಾಲಿ ಎನ್ನುವ ಕವಿಗೂ ಇರುವ ವ್ಯತ್ಯಾಸ ಧ್ವನಿಯದು ಮಾತ್ರ. ಒಬ್ಬ ಬಿಲ್ಲು ಬರೆಯುತ್ತಾನೆ, ಇನ್ನೊಬ್ಬ ಶೋಕಗೀತೆ. ಗರ್ಭಕೋಶದ ಆಚೆಗೆ ಅವಳಿಗೊಂದು ಮೈ ಇದೆ ಎಂಬುದು ಇಬ್ಬರಿಗೂ ಕಾಣುವುದಿಲ್ಲ. ಕವಿಯ ಮಾತು ಇನ್ನೂ ಅಪಾಯಕಾರಿ, ಯಾಕೆಂದರೆ ಅದು ಅನುಕಂಪದ ವೇಷದಲ್ಲಿ ಬರುತ್ತದೆ. ಆಪರೇಷನ್ ಆಗಿ ಮಲಗಿದವಳ ಕಿವಿಗೆ ಓಣಿಯ ಹೆಂಗಸರು "ಇನ್ನ ಗಂಡ ಕೈಬಿಡ್ತಾನ, ಎಚ್ಚರ" ಎಂದು ಉಸುರುವುದೂ ಅನುಕಂಪದಿಂದಲೇ.

ಹಾಗಾದರೆ ಯಾವ ಭಾಷೆಯಲ್ಲಿ ಮಾತಾಡುವುದು? ಇದು ಸಾಹಿತ್ಯದ ವಿದ್ಯಾರ್ಥಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆ, ಡಾಕ್ಟರುಗಳದ್ದಲ್ಲ. ಆ ಸಂಜೆ ನಾನು ಯೋನಿ ಎಂದೆ. ಚಿಗವ್ವನಿಗೆ ಅದು ಪುರಾಣದ ಮಾತಿನಂತೆ ಕೇಳಿಸಿತು, 84 ಲಕ್ಷ ಯೋನಿಗಳಲ್ಲಿ ಹುಟ್ಟಿ ಬರುವ ಜೀವದ ಕತೆ. ಅವಳಿಗೆ ಗೊತ್ತಿದ್ದ ಆಡುಮಾತು ಬೈಗುಳವಾಗಿ ಮಾತ್ರ ಉಳಿದಿದೆ, ಅದನ್ನು ಡಾಕ್ಟರ ಮುಂದೆ ಹೇಳುವಂತಿಲ್ಲ. ಉಳಿದದ್ದು 'ಕೆಳಗ'. ಕೂಡುವುದಕ್ಕೆ ನಮ್ಮ ಕಡೆ 'ಸಂಸಾರ' ಎನ್ನುತ್ತಾರೆ. ಸಂಸಾರ ನಡೀತೈತೇನು ಎಂದರೆ ಅಡುಗೆ, ಮಕ್ಕಳು, ಸಾಲ ಎಲ್ಲವೂ ಅದರಲ್ಲಿ ಬಂತು, ಅವಳ ಸುಖವೊಂದು ಎದ್ದು ಕಾಣುವುದಿಲ್ಲ. ಆಪರೇಷನ್ ಆದ ಮೇಲಿನ ನಾಲ್ಕು ವರ್ಷದಲ್ಲಿ ಅವಳು ಮೂವರು ಡಾಕ್ಟರರ ಹತ್ತಿರ ಹೋಗಿದ್ದಳು. ಮೂವರಿಗೂ ಹೇಳಿದ್ದು "ಕೆಳಗ ಉರೀತೈತ್ರಿ". ಮೂವರೂ ಉರಿಮೂತ್ರದ ಮಾತ್ರೆ ಕೊಟ್ಟರು.

ಕನ್ನಡದಲ್ಲಿ ಈ ದಾರಿ ಹಿಂದೆಂದೂ ಇರಲೇ ಇಲ್ಲ ಎಂದಲ್ಲ. ಡಾ. ಅನುಪಮಾ ನಿರಂಜನ ವೈದ್ಯೆಯಾಗಿದ್ದುಕೊಂಡೇ 'ದಾಂಪತ್ಯ ದೀಪಿಕೆ', 'ತಾಯಿ-ಮಗು', 'ಕೇಳು ಕಿಶೋರಿ' ಬರೆದರು. ಆ ಪುಸ್ತಕಗಳು ಎಷ್ಟೋ ಮನೆಗಳ ಅಲಮಾರಿಯಲ್ಲಿ ಹಿಂದಿನ ಸಾಲಿನಲ್ಲಿದ್ದವು, ಕದ್ದು ಓದಿದವರೇ ಹೆಚ್ಚು. ಹೆರಿಗೆಗೆಂದು ರಾಜರ ಕೈಯಿಂದ ಕೈಗೆ ಬದಲಾದ ಯಯಾತಿಯ ಮಗಳ ಕತೆಯನ್ನು 'ಮಾಧವಿ' ಕಾದಂಬರಿಯಾಗಿ ಬರೆದವರೂ ಅವರೇ. ಆ ಕಾದಂಬರಿಯ ಮೇಲೆ ನಮ್ಮ ವಿಭಾಗಗಳಲ್ಲಿ ಪ್ರಬಂಧಗಳು ಬರುತ್ತಲೇ ಇವೆ. 'ದಾಂಪತ್ಯ ದೀಪಿಕೆ'ಯ ಗದ್ಯವನ್ನು ಯಾವ ಸೆಮಿನಾರಿನಲ್ಲೂ ನಾನು ಕೇಳಿಲ್ಲ. ಅದು ಸಾಹಿತ್ಯವಲ್ಲ, ಆರೋಗ್ಯ ಸಾಹಿತ್ಯ! ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಅಸಹ್ಯವೂ ಇಲ್ಲದೆ ಅಲಂಕಾರವೂ ಇಲ್ಲದೆ ಮೈಯ ವಿಷಯ ಹೇಳಬಹುದಾದ ಕನ್ನಡವನ್ನು ಕಟ್ಟುವುದು ಕಾದಂಬರಿ ಬರೆಯುವುದಕ್ಕಿಂತ ಸುಲಭದ ಕೆಲಸ ಎಂದು ಯಾರು ತೀರ್ಮಾನಿಸಿದರು?

ಹೇಳಬೇಕಾದ್ದು ತೀರಾ ದೊಡ್ಡದೇನೂ ಅಲ್ಲ. ಒಣಗುವುದಕ್ಕೆ ಒಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮು ಇದೆ. ಜಾರಿಕೆಗೆ ಹಚ್ಚುವ ಜೆಲ್ಲು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಚಿಕ್ಕ ವಯಸ್ಸಿನಲ್ಲೇ ಅಂಡಾಶಯ ಹೋದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡುವುದುಂಟು. ಅದು ಎಲುಬಿಗೂ ಹೃದಯಕ್ಕೂ ಒಳ್ಳೆಯದು. ಸ್ತನದ ಕ್ಯಾನ್ಸರ್ ಬಂದವರಂಥ ಕೆಲವರಿಗೆ ಅದು ಆಗದು, ಅದಕ್ಕೇ ಡಾಕ್ಟರ ಜೊತೆ ಕೂತು ಮಾತಾಡಬೇಕು. ಮೈ ಕೂಡುವುದಕ್ಕೆ ಒಂದೇ ದಾರಿ ಇಲ್ಲ, ಅವಸರವೂ ಇಲ್ಲ ಎಂಬುದನ್ನು ಗಂಡ ಹೆಂಡತಿ ಇಬ್ಬರಿಗೂ ಯಾರಾದರೂ ಹೇಳಬೇಕು. ಅಳು, ನಿದ್ದೆಗೇಡು, ಸಿಟ್ಟು ವಾರಗಟ್ಟಲೆ ಬಿಡದಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಡಿಸ್ಚಾರ್ಜ್ ಹಾಳೆಯ ಹಿಂಬದಿ ಖಾಲಿ ಇರುತ್ತದೆ. ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಲು ಅಷ್ಟು ಜಾಗ ಸಾಕು. ಮಂಚದ ಪಕ್ಕ ನಿಂತು ಅವಳಿಗೇ ಓದಿ ಹೇಳಲು ಹತ್ತು ನಿಮಿಷ ಸಾಕು.

ಕಾಕಾನ ಬಗ್ಗೆ ನಾನು ಸಿಟ್ಟಿನಲ್ಲಿದ್ದೆ. ಮಾರ್ಚಿನಲ್ಲಿ ಮತ್ತೆ ಊರಿಗೆ ಹೋದಾಗ ಚಿಗವ್ವನೇ ಹೇಳಿದಳು. ಹಾಳೆಯಲ್ಲಿದ್ದದ್ದನ್ನು ಅವಳು ಅವನಿಗೆ ತಿಳಿದ ಹಾಗೆ ವಿವರಿಸಿದಳಂತೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಒಳಗ ಹೊಲಿಗಿ ಬಿಚ್ಚಿದ್ವು, ನನ್ನಿಂದಾನ ಆತು ಅಂತ ತಿಳಿದಿದ್ದೆ" ಎಂದನಂತೆ. ಏಳನೆಯ ವಾರ ಅವಳು ನೋವಿನಿಂದ ಮುಖ ತಿರುಗಿಸಿದ್ದು ಅವನಿಗೆ ಕಂಡಿತ್ತು. ಆರು ವಾರ ಸಾಲಲಿಲ್ಲ ಎಂದು ಅವನು ತಾನೇ ಲೆಕ್ಕ ಹಾಕಿಕೊಂಡು ನಾಲ್ಕು ವರ್ಷ ದೂರ ಇದ್ದ. ತಾನು ಬೇಡವಾದೆ ಎಂದು ಅವಳು ಅಂದುಕೊಂಡಿದ್ದಳು.

ಆ ತಿಂಗಳ ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ಮೂವರೂ. ನಾನು ಹೇಳಬೇಕಾದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಕ್ರೀಮಿನ ಹೆಸರು ಸಮೇತ. ಕಂಪೌಂಡರು ಹೆಸರು ಕೂಗಿದಾಗ ನಾನೂ ಎದ್ದೆ. ಚಿಗವ್ವ ನನ್ನ ಭುಜ ಒತ್ತಿ, "ನೀ ಇಲ್ಲೇ ಕುಂದ್ರು" ಎಂದಳು. ಆಮೇಲೆ ಕಾಕಾನ ಕಡೆ ತಿರುಗಿ, "ಏಳ್ರಿ, ನೀವೂ ಒಳಗ ಬರ್ರಿ" ಎಂದಳು. ಅರ್ಧ ತಾಸು ನಾನು ಬೆಂಚಿನ ಮೇಲೆ ಕೂತಿದ್ದೆ. ಹೊರಗೆ ಬಂದಾಗ ಚೀಟಿ ಕಾಕಾನ ಕೈಯಲ್ಲಿತ್ತು. ಮೆಡಿಕಲ್ ಶಾಪಿನ ಕಿಟಕಿಗೆ ಅವನೇ ಹೋದ. ಒಳಗೆ ಏನು ಮಾತಾಯಿತು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು, ನಾನು ಹಿಂದಿನದರಲ್ಲಿ.